ಮಲೆಸೀಮೆಯ ಇಗರ್ಜಿಯೂ ನೆರೆಮನೆಯ ಹಬ್ಬವೂ

ಒಂದೆಡೆ ಶೃಂಗೇರಿಯ ಶಾರದಾಪೀಠ, ಇನ್ನೊಂದೆಡೆ ಬಾಳೆಹೊನ್ನೂರಿನ ರಂಭಾಪುರಿ ಪೀಠ, ಮತ್ತೊಂದೆಡೆ ಸಿಂಹನಗದ್ದೆಯ ಜ್ವಾಲಾಮಾಲಿನಿಯ ಬಸದಿ, ಇವುಗಳ ನಡುವೆ ಹಬ್ಬಿದ, ಹಿಂದೆ ಎಡೇಹಳ್ಳಿಯೆಂದು ಹೆಸರಾಗಿದ್ದ ನರಸಿಂಹರಾಜಪುರದ ಸೀಮೆಯಲ್ಲಿ ಇಗರ್ಜಿಯ ಗಂಟೆಯೂ ಕೇಳಿಬರುವುದು. ಶೆಟ್ಟಿಕೊಪ್ಪ, ಕೊಪ್ಪ, ಬಾಳೆಹೊನ್ನೂರುಗಳನ್ನೊಳಗೊಂಡ ಈ ಮಲೆಪ್ರದೇಶಕ್ಕೆ ಕ್ರೈಸ್ತಧರ್ಮವು ಬಹುಮಟ್ಟಿಗೆ ವಲಸೆ ಬಂದ ಸಂಸಾರಗಳೊಡನೆ ಬಂದಿತು. ಅವು ಇಲ್ಲಿನ ನೆರೆಹೊರೆಯವರ ಮನಸ್ಸನ್ನು ಗೆದ್ದದ್ದು ಉಪನ್ಯಾಸದಿಂದಲ್ಲ, ಹಬ್ಬದ ಪಾಲಿನಿಂದ ಎಂಬುದೇ ಈ ಇತಿಹಾಸದ ತಿರುಳೆಂದು ನಾನು ನಂಬಿದ್ದೇನೆ.

ಕನ್ನಡನಾಡಿನಲ್ಲಿ ಇಗರ್ಜಿಯು ಜನರನ್ನು ಸಮೀಪಿಸಿದ ಮಾರ್ಗಗಳು ಎರಡು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳು ಜಾತ್ರೆಗಳಿಗೆ ತಾವಾಗಿ ಹೋಗಿ, ನೆರೆದ ಜನಸ್ತೋಮದ ಮುಂದೆ ನಿಂತು ಬೋಧಿಸಿ, ಸಣ್ಣ ಪುಸ್ತಕಗಳನ್ನು ಹಂಚುತ್ತಿದ್ದರು. ಶಾಲೆ, ಮುದ್ರಣಾಲಯ, 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲರ ನಿಘಂಟು ಮೊದಲಾದುವುಗಳಿಂದ ಆ ಮಿಶನ್ನು ಕನ್ನಡಕ್ಕೆ ಮಾಡಿದ ಉಪಕಾರವು ಅಳತೆಗೆ ಸಿಕ್ಕದು. ಆದರೆ ಅನ್ಯರ ಉತ್ಸವದಲ್ಲಿ ನಿಂತು ಆಡಿದ ಮಾತು ಎಷ್ಟೋ ವೇಳೆ ವಾದಕ್ಕೆ ಎಡೆಮಾಡಿತು. ಎರಡನೆಯ ಮಾರ್ಗವು ತನ್ನ ಹಬ್ಬದ ದಿನ ತನ್ನ ಬಾಗಿಲನ್ನು ತೆರೆದಿಡುವುದು. ಔತಣ ಮಾಡುವವನು ಮರಳಿ ಕರೆಯಬಲ್ಲ ಸಿರಿವಂತರನ್ನು ಬಿಟ್ಟು ಬಡವರನ್ನೂ ಅಂಗಹೀನರನ್ನೂ ಕರೆಯಬೇಕೆಂಬ ಕ್ರಿಸ್ತನ ಬೋಧೆಗೆ ಇದು ಹೆಚ್ಚು ಸಮೀಪವಾದುದು. ಮಲೆನಾಡಿನಲ್ಲಿ ಬೇರೂರಿದುದೂ ಇದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟಗಳು ವಿಸ್ತರಿಸುತ್ತ ಹೋದಂತೆ, ದಕ್ಷಿಣ ಕನ್ನಡದ ಕೊಂಕಣಿ ಕಥೋಲಿಕರು ಘಟ್ಟವನ್ನೇರಿ ರೈಟರುಗಳಾಗಿ, ಮೇಸ್ತ್ರಿಗಳಾಗಿ, ಕೆಲವರು ತೋಟದ ಒಡೆಯರಾಗಿಯೂ ನೆಲೆಸಿದರು. ಅವರು ಜೊತೆಗೆ ತಂದ ಹಬ್ಬಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬವು ವಿಶೇಷವಾದುದು. ಕನ್ಯಾಮರಿಯಳ ಜನ್ಮದಿನವಾದ ಅಂದು, ಒಂಬತ್ತು ದಿನ ಹೂಗಳನ್ನರ್ಪಿಸಿದ ಮಕ್ಕಳು ಕಬ್ಬಿನ ತುಂಡನ್ನು ಪಡೆಯುವರು. ಪಾದ್ರಿಯು ಆಶೀರ್ವದಿಸಿದ ಭತ್ತದ ತೆನೆಯು ಮನೆಮನೆಯನ್ನು ಸೇರುವುದು. ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಸಂಸಾರವೆಲ್ಲ ಒಟ್ಟಿಗೆ ಕುಳಿತು ಹೊಸಕ್ಕಿಯ ಊಟ ಮಾಡುವುದು. ತೆನೆಯನ್ನು ಪೂಜಿಸಿ ಬಾಗಿಲಿಗೆ ಕಟ್ಟಿ, ಹೊಸತನ್ನು ಉಣ್ಣುವ ಆಚಾರವು ಮಲೆನಾಡಿನ ಒಕ್ಕಲು ಮನೆಗಳಲ್ಲಿ ಮೊದಲಿನಿಂದಲೂ ಇದ್ದುದರಿಂದ, ಈ ಹಬ್ಬವನ್ನು ನೆರೆಯವರಿಗೆ ಬಿಡಿಸಿ ಹೇಳುವ ಅವಶ್ಯಕತೆಯೇ ಬೀಳಲಿಲ್ಲ.

ಕ್ರಿಸ್ತಜಯಂತಿಯ ವಿಷಯದಲ್ಲಿಯೂ ಹೀಗೆಯೇ. ಅಂಗಳದ ಮೂಲೆಯಲ್ಲಿ ಹುಲ್ಲಿನಿಂದ ಗೋದಲಿಯನ್ನು ಕಟ್ಟಿ, ವಾರ ಮೊದಲೇ ನೆವ್ರಿ, ಕಿಡಿಯೊ, ಚಕ್ಕುಲಿ, ಎಳ್ಳುಂಡೆಗಳ 'ಕುಸ್ವಾರ್' ಮಾಡಿ, ತಟ್ಟೆಗಳಲ್ಲಿಟ್ಟು ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕಳುಹಿಸುವುದು ವಾಡಿಕೆ. ಹಿಟ್ಟು, ತೆಂಗು, ಎಳ್ಳು, ಬೆಲ್ಲಗಳಿಂದಾದ ಈ ತಿಂಡಿಗಳಲ್ಲಿ ಬಹುಪಾಲನ್ನು ಶಾಕಾಹಾರಿಗಳೂ ಅನುಮಾನವಿಲ್ಲದೆ ಸ್ವೀಕರಿಸಬಹುದಾಗಿರುವುದು ಸಣ್ಣ ಸಂಗತಿಯಲ್ಲ. ಮಠಗಳ ಈ ನೆಲದಲ್ಲಿ ಸಹಭೋಜನಕ್ಕೆ ಸಾವಿರ ಅಡ್ಡಿಗಳಿದ್ದ ಕಾಲದಲ್ಲಿಯೂ, ತಿಂಡಿಯ ತಟ್ಟೆಗೆ ಹೊಸ್ತಿಲನ್ನು ದಾಟುವ ಮಾರ್ಗವಿತ್ತು. ಆ ತಟ್ಟೆಯು ಬರಿದಾಗಿ ಹಿಂದಿರುಗುವುದು ಮರ್ಯಾದೆಯಲ್ಲವಾದುದರಿಂದ, ದೀಪಾವಳಿ ಯುಗಾದಿಗಳಲ್ಲಿ ಹೋಳಿಗೆಯೋ ಕಜ್ಜಾಯವೋ ಕ್ರೈಸ್ತರ ಮನೆಗೆ ಬರುವುದೂ ಕ್ರಮವಾಯಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಲೆನಾಡಿನ ಚಳಿಜ್ವರವು ಇಳಿಮುಖವಾದ ಮೇಲೆ, ಕೇರಳದ ಸಿರಿಯನ್ ಕ್ರೈಸ್ತರು ನರಸಿಂಹರಾಜಪುರದ ಕಡೆಗೆ ಹೆಚ್ಚಾಗಿ ಬಂದು, ರಬ್ಬರು, ಕಾಳುಮೆಣಸು, ಶುಂಠಿಗಳ ಕೃಷಿಯನ್ನು ಕೈಗೊಂಡರು. ಧರ್ಮಪ್ರಾಂತ್ಯಗಳ ಚರಿತ್ರೆಯಲ್ಲಿಯೇ ಈ ಚಲನೆಯ ಗುರುತು ಉಳಿದಿದೆ: ಲ್ಯಾಟಿನ್ ವಿಧಿಯ ಕಥೋಲಿಕರಿಗಾಗಿ 1963ರಲ್ಲಿ ಮೈಸೂರಿನಿಂದ ಚಿಕ್ಕಮಗಳೂರು ಪ್ರಾಂತ್ಯವು ಬೇರೆಯಾಯಿತು, ಕೇರಳದಿಂದ ಬಂದ ಸಿರೋ-ಮಲಬಾರ್ ವಿಧಿಯವರಿಗೆ 1953ರ ತಲಶ್ಶೇರಿ, 1973ರ ಮಾನಂದವಾಡಿ, ಕಡೆಗೆ 2007ರಲ್ಲಿ ಭದ್ರಾವತಿ ಎಂಬ ಮೂರು ಮೆಟ್ಟಿಲುಗಳಲ್ಲಿ ಬಿಷಪರ ಪೀಠವು ಮಲೆನಾಡಿನ ಸಮೀಪಕ್ಕೆ ಬಂದಿತು. ಯಾಕೋಬಾಯ ಮೊದಲಾದ ಇತರ ಸಿರಿಯನ್ ಸಭೆಗಳೂ ಇಲ್ಲಿ ನೆಲೆನಿಂತುವು.

ಇವರು ತಂದ ಆಚಾರಗಳಲ್ಲಿ ದಾನವು ಉಪವಾಸದೊಡನೆ ಹೆಣೆದುಕೊಂಡಿದೆ. ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆಯಾಗಿ ತೆಗೆದಿಟ್ಟು, ಅದನ್ನು ಇಗರ್ಜಿಗೆ ಒಪ್ಪಿಸುವ 'ಪಿಡಿಯರಿ'ಯ ಕ್ರಮ. ಈಸ್ಟರಿಗೆ ಮುಂಚಿನ ಐವತ್ತು ದಿನಗಳ ನೋಂಪಿ. ಶುಭ ಶುಕ್ರವಾರದ ದೀರ್ಘ ಪ್ರಾರ್ಥನೆಯ ತರುವಾಯ ಇಗರ್ಜಿಯಲ್ಲಿ ಎಲ್ಲರಿಗೂ ಬಡಿಸುವ ಗಂಜಿ ಮತ್ತು ಕಾಳಿನ ಪಲ್ಯ. 'ಪೆರುನಾಳ್' ಎಂಬ ಸಂತರ ಹಬ್ಬದಲ್ಲಿ ಮತಭೇದವೆಣಿಸದೆ ನೀಡುವ ಹರಕೆಯ ಊಟ. ಹಬ್ಬದ ದಿನದ ಔದಾರ್ಯವು ಆ ಒಂದು ದಿನದ ಉತ್ಸಾಹದಿಂದ ಹುಟ್ಟಿದುದಲ್ಲ, ವರ್ಷವೆಲ್ಲ ಹಿಡಿಹಿಡಿಯಾಗಿ ಕೂಡಿಟ್ಟ ಸಂಯಮದ ಫಲವೆಂಬುದನ್ನು ಪಿಡಿಯರಿಯು ಸ್ಪಷ್ಟವಾಗಿ ಬೋಧಿಸುತ್ತದೆ.

ಇಂದು ಕ್ರಿಸ್ತಜಯಂತಿಯು ಸಮೀಪಿಸಿದಂತೆ ಕ್ಯಾರಲ್ ತಂಡಗಳು ಹಾಡುತ್ತ ಮನೆಯಿಂದ ಮನೆಗೆ ಹೋಗುವುವು, ಸೌಹಾರ್ದ ಸಭೆಗಳಲ್ಲಿ ಊರಿನ ಗಣ್ಯರಿಗೆ ಹಾರಗಳು ಬೀಳುವುವು. ಇವು ಒಳ್ಳೆಯವೇ, ಆದರೆ ವೇದಿಕೆಯ ಸ್ನೇಹವು ಗಣ್ಯರಲ್ಲಿಯೇ ನಿಲ್ಲಬಹುದು, ತಟ್ಟೆಯ ಸ್ನೇಹವು ಲೈನುಮನೆಯ ಕೂಲಿಯವನನ್ನೂ ಮುಟ್ಟುತ್ತದೆ. ಕೊಡುವ ಕೈಯೊಂದು, ಕೊಳ್ಳುವ ಕೈಯೊಂದು ಎಂದು ಶಾಶ್ವತವಾಗಿ ವಿಂಗಡವಾದಲ್ಲಿ ದಾನವು ಉಳಿದೀತು, ನೆಂಟಸ್ತಿಕೆಯು ಉಳಿಯದು. ಆದುದರಿಂದ ಇಗರ್ಜಿಯು ಹಬ್ಬದ ದಿನ ಹೊರಗೆ ಹೋಗುವಷ್ಟೇ ಶ್ರದ್ಧೆಯಿಂದ ನೆರೆಯವರ ಹಬ್ಬಕ್ಕೆ ಅತಿಥಿಯಾಗಿ ಹೋಗುವುದನ್ನೂ ಕಾಪಾಡಿಕೊಳ್ಳಬೇಕು. ಈ ಸೀಮೆಯ ಹಿರಿಯರು ಹಾಕಿಕೊಟ್ಟ ಪದ್ಧತಿಯು ಅದೇ, ಕಿರಿಯರು ಉಳಿಸಿಕೊಳ್ಳಬೇಕಾದುದೂ ಅದೇ.