ಹೊಗೆ ಕಾಣುತ್ತದೆ, ಕಾವು ಕಾಣುವುದಿಲ್ಲ

ಮಳೆಗೆ ಕಾಫಿ ಕಾಯಿ ಉದುರಿದ ಸುದ್ದಿ ಮಾಡಲು ಹೋದ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಹೋಗಿದ್ದೆ. ತೋಟದಲ್ಲಿ ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಮಳೆ ಜೋರಾಯಿತು. ಎಸ್ಟೇಟಿನ ರೈಟರ್ ಹಳೇ ಬಂಗಲೆಯೊಳಗೆ ಕರೆದು ಕೂರಿಸಿದರು. ಬ್ರಿಟಿಷ್ ದೊರೆಗಳು ಕಟ್ಟಿಸಿದ ಮನೆ. ಹಜಾರದ ಗೋಡೆಯೊಳಗೆ ಒಂದು ದೊಡ್ಡ ಒಲೆ ಇತ್ತು. ಅದೇ ಫೈರ್‌ಪ್ಲೇಸ್. ಅದಿರುವುದು ಅಡುಗೆಗಲ್ಲ, ಚಳಿ ಕಾಯಿಸಿಕೊಳ್ಳಲು.

ಅದರೊಳಗೆ ತಲೆ ತೂರಿಸಿ ಒಬ್ಬ ಮೇಸ್ತ್ರಿ ಏನನ್ನೋ ಕೀಳುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಮಸಿ ಮೆತ್ತಿದ ಕಬ್ಬಿಣದ ಹಲಗೆಯೊಂದು ಹೊರಗೆ ಬಂತು. ಅಂಚನ್ನು ತುಕ್ಕು ತಿಂದಿತ್ತು. ನಡು ಸೊಟ್ಟಗಾಗಿತ್ತು.

"ಡ್ಯಾಂಪರ್ ಸಾರ್. ಚಿಮ್ನಿ ಗಂಟಲಿನ ಬಾಗಿಲು. ಇದು ಸರಿಯಾಗಿ ಕೂರದಿದ್ರೆ ಎಷ್ಟು ಸೌದೆ ಒಟ್ಟಿದ್ರೂ ಅಷ್ಟೇ" ಅಂದರು.

ಇಷ್ಟು ಸಣ್ಣ ಹಲಗೆಗೆ ಅಷ್ಟು ಕೆಲಸವೇ ಅನ್ನಿಸಿತು. ಊರಿಗೆ ಬಂದ ಮೇಲೆ ಹುಡುಕಿ ಓದಿದೆ. ಈ ಹಲಗೆಯ ಹಿಂದೆ ಇನ್ನೂರೈವತ್ತು ವರ್ಷಕ್ಕೂ ಹಿಂದಿನ ಕಥೆ ಇದೆ.

ಮೊದಲು ತೊಂದರೆ ಏನೆಂದು ನೋಡೋಣ. ಬಿಸಿ ಗಾಳಿ ಮೇಲಕ್ಕೇರುತ್ತದೆ. ಗೋಡೆಯೊಲೆಯಲ್ಲಿ ಬೆಂಕಿ ಹಾಕಿದರೆ ಹೊಗೆಯ ಜೊತೆಗೆ ಕೋಣೆಯ ಬೆಚ್ಚನೆ ಗಾಳಿಯೂ ಚಿಮ್ನಿಯಲ್ಲಿ ಹೊರಟುಹೋಗುತ್ತದೆ. ಹೋದ ಗಾಳಿಯ ಜಾಗ ತುಂಬಲು ಬಾಗಿಲು ಕಿಟಕಿಗಳ ಸಂದಿಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಹಾಗಾಗಿ ಬೆಂಕಿಯ ಮುಂದೆ ಕೂತವರ ಎದೆ ಸುಡುತ್ತದೆ, ಬೆನ್ನು ಕೊರೆಯುತ್ತದೆ. ಸೌದೆಯ ಕಾವಿನಲ್ಲಿ ಕೋಣೆಗೆ ದಕ್ಕುವುದು ಸುಮಾರು ಹತ್ತರಲ್ಲೊಂದು ಪಾಲು. ಬೆಂಕಿ ಆರಿದ ಮೇಲೂ ಚಿಮ್ನಿ ತೆರೆದೇ ಇದ್ದರೆ, ರಾತ್ರಿಯಿಡೀ ಕಿಟಕಿ ತೆಗೆದು ಮಲಗಿದ ಹಾಗೆ.

ಇದಕ್ಕೆ ಮದ್ದು ಹುಡುಕುವ ಕಾಲ ಬಂದದ್ದು ಸೌದೆ ತುಟ್ಟಿಯಾದಾಗ. ಮಿಂಚಿನ ಪ್ರಯೋಗಕ್ಕೆ ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್ ಆಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದರು. ಹಿಂದೆ ಮನೆಬಾಗಿಲಲ್ಲೇ ಸಿಗುತ್ತಿದ್ದ ಸೌದೆಯನ್ನು ಈಗ ಕೆಲವು ಪಟ್ಟಣಗಳಿಗೆ ನೂರು ಮೈಲಿ ದೂರದಿಂದ ತರಬೇಕಾಗಿದೆ ಎಂದು 1744ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ಬರೆದರು. ಅದರಲ್ಲೇ ತಾವು ಮಾಡಿದ ಕಬ್ಬಿಣದ ಒಲೆಯ ವಿವರ ಕೊಟ್ಟರು. ಅಲ್ಲಿನ ಗವರ್ನರ್ ಪೇಟೆಂಟ್ ಕೊಡುತ್ತೇನೆ ಎಂದರೂ ಬೇಡ ಎಂದರು. ಬೇರೆಯವರು ಕಂಡುಹಿಡಿದದ್ದರಿಂದ ನಮಗೆ ಉಪಕಾರವಾಗಿದೆ, ನಾವು ಕಂಡುಹಿಡಿದದ್ದೂ ಎಲ್ಲರಿಗೂ ಸಿಗಲಿ ಎಂಬುದು ಅವರ ವಾದ.

ನಮ್ಮ ಹಲಗೆಯ ಮಾತು ಬರುವುದು 1758ರಲ್ಲಿ. ಆಗ ಲಂಡನ್ನಿನಲ್ಲಿದ್ದ ಫ್ರಾಂಕ್ಲಿನ್, ಬಾಸ್ಟನ್ನಿನ ಗೆಳೆಯನಿಗೆ ಬರೆದ ಪತ್ರದಲ್ಲಿ ಒಂದು ಉಪಾಯ ವಿವರಿಸಿದರು. ಒಲೆಯ ಮೇಲುಗಡೆ, ಚಿಮ್ನಿಯ ಬಾಯಿಗೆ ಒಂದು ಕಬ್ಬಿಣದ ಚೌಕಟ್ಟು. ಅದರ ಗಾಡಿಯಲ್ಲಿ ಹಿಂದೆ ಮುಂದೆ ಸರಿಯುವ ಒಂದು ಹಲಗೆ. ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ಸುಮಾರು ಎರಡು ಅಂಗುಲ ಸಂದಿ ಬಿಟ್ಟರೆ ಹೊಗೆ ಹೋಗಲು ಸಾಕು. ಬೆಂಕಿ ಇಲ್ಲದಾಗ ಪೂರ್ತಿ ಮುಚ್ಚಬಹುದು. ಒಲೆ ಉರಿಯದ ಬೇಸಿಗೆಯಲ್ಲೂ ಚಿಮ್ನಿಯಲ್ಲಿ ರಾತ್ರಿ ಗಾಳಿ ಮೇಲಕ್ಕೂ ಹಗಲು ಕೆಳಕ್ಕೂ ಹರಿಯುವುದನ್ನು ಅವರು ಗಮನಿಸಿದ್ದರು.

ಮುಂದಿನ ಹೆಸರು ಕೌಂಟ್ ರಮ್‌ಫೋರ್ಡ್. ಹುಟ್ಟು ಹೆಸರು ಬೆಂಜಮಿನ್ ಥಾಂಪ್ಸನ್. ಅವರೂ ಅಮೆರಿಕದಲ್ಲೇ ಹುಟ್ಟಿದವರು. ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ಹಿಡಿದು, ಆಮೇಲೆ ಜರ್ಮನಿಯ ಬವೇರಿಯಾದಲ್ಲಿ ಅರಸರ ಸೇವೆ ಮಾಡಿ ಕೌಂಟ್ ಆದರು. 1796ರಲ್ಲಿ ಚಿಮ್ನಿ ಒಲೆಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಲಂಡನ್ನಿನ ಚಿಮ್ನಿಗಳ ಗಂಟಲು ತೀರಾ ಅಗಲ, ಅದನ್ನು ನಾಲ್ಕು ಅಂಗುಲಕ್ಕೆ ಇಳಿಸಿ ಎಂದರು. ಒಲೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿದರೆ ಕಾವು ಕೋಣೆಯ ಕಡೆ ತಿರುಗುತ್ತದೆ ಎಂದೂ ತೋರಿಸಿದರು. ಇದಕ್ಕೆ ಯಂತ್ರ ಬೇಕಿರಲಿಲ್ಲ. ಒಂದಷ್ಟು ಇಟ್ಟಿಗೆ, ಗಾರೆ, ಒಬ್ಬ ಮೇಸ್ತ್ರಿ ಸಾಕಿತ್ತು.

ಆದರೆ ಗಂಟಲು ಕಿರಿದಾದರೆ ಮಸಿ ತೆಗೆಯುವವರು ಒಳಗೆ ಹೋಗುವುದು ಹೇಗೆ? ಆಗ ಇಂಗ್ಲೆಂಡಿನಲ್ಲಿ ಚಿಮ್ನಿಯೊಳಗೆ ಹತ್ತಿ ಮಸಿ ಕೆರೆಯುತ್ತಿದ್ದವರು ಬಡವರ ಮನೆಯ ಪುಟ್ಟ ಹುಡುಗರು. ಅವರಿಗೆ ದಾರಿ ಬಿಡಲೆಂದೇ ಗಂಟಲಿನಲ್ಲಿ ಬೇಕೆಂದಾಗ ತೆಗೆದಿಡುವ ಇಟ್ಟಿಗೆ ಕಲ್ಲುಗಳನ್ನು ಕೂರಿಸಲು ರಮ್‌ಫೋರ್ಡ್ ಹೇಳಿದರು. ಮಕ್ಕಳನ್ನು ಹತ್ತಿಸಬಾರದೆಂಬ ಕಾನೂನುಗಳು ಆಮೇಲೆ ಬಂದರೂ ಬಹಳ ಕಾಲ ಕಾಗದದಲ್ಲೇ ಉಳಿದವು. 1875ರಲ್ಲಿ ಕೇಂಬ್ರಿಜ್ ಬಳಿಯ ಫುಲ್ಬೋರ್ನ್‌ನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಚಿಮ್ನಿಯಲ್ಲಿ ಸಿಕ್ಕಿಕೊಂಡು ಸತ್ತ. ಅದೇ ವರ್ಷ ಬಿಗಿಯಾದ ಕಾನೂನು ಬಂತು. ಬೇರೆಯವರ ಮನೆ ಬೆಚ್ಚಗಿಡಲು ಎಷ್ಟು ಮಕ್ಕಳು ಮಸಿ ಕುಡಿದರೋ!

ಮುಚ್ಚುವುದರಲ್ಲೂ ಅಪಾಯವಿದೆ. ಕೆಂಡ ಪೂರ್ತಿ ಆರುವ ಮೊದಲೇ ಡ್ಯಾಂಪರ್ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಕೋಣೆಯಲ್ಲೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ತಮ್ಮ ಮನೆಯಲ್ಲಿ ಸತ್ತದ್ದು ಇದೇ ಗಾಳಿಯಿಂದ. ಅಲ್ಲಿ ಚಿಮ್ನಿ ಕಟ್ಟಿಕೊಂಡಿತ್ತು. ಆದ್ದರಿಂದ ಉರಿಯುವಾಗ ತೆರೆದಿರಬೇಕು, ಬೂದಿ ತಣ್ಣಗಾದ ಮೇಲಷ್ಟೇ ಮುಚ್ಚಬೇಕು. ಹಲಗೆ ಎರಡೂ ಕೆಲಸವನ್ನು ಸಲೀಸಾಗಿ ಮಾಡುವಂತಿರಬೇಕು.

ಇಪ್ಪತ್ತನೇ ಶತಮಾನದಲ್ಲಿ ಪಶ್ಚಿಮದ ಮನೆಗಳಿಗೆ ಎಣ್ಣೆ, ಗ್ಯಾಸ್, ಕರೆಂಟಿನ ಹೀಟರ್ ಬಂದವು. ಗೋಡೆಯೊಲೆ ಅಲಂಕಾರಕ್ಕೆ ಉಳಿಯಿತು. ಬೀಡುಕಬ್ಬಿಣದ ಡ್ಯಾಂಪರ್ ಯಾರಿಗೂ ಕಾಣದಂತೆ ಮಸಿಯಲ್ಲಿ ಕೂತು ತುಕ್ಕು ಹಿಡಿಯಿತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿ ಬೆಲೆ ಏರಿದಾಗ, ಮನೆಯ ಕಾವು ಎಲ್ಲೆಲ್ಲಿ ಸೋರುತ್ತಿದೆ ಎಂದು ಜನ ಹುಡುಕತೊಡಗಿದರು. ಹೀಟರಿನ ಕಾವೂ ಆ ಹಳೇ ಚಿಮ್ನಿಯಲ್ಲೇ ಹೊರಟುಹೋಗುತ್ತಿತ್ತು. ಕಬ್ಬಿಣದ ಮೇಲೆ ಕಬ್ಬಿಣ ಕೂರುವ ಹಳೇ ಡ್ಯಾಂಪರ್ ಹೊಸದಿದ್ದಾಗಲೂ ಗಾಳಿ ಬಿಡುತ್ತದೆ, ಸೊಟ್ಟಗಾದರೆ ಕೇಳುವುದೇ ಬೇಡ. ಈಗ ಅಲ್ಲಿ ಚಿಮ್ನಿಯ ತುದಿಗೇ ರಬ್ಬರ್ ಅಂಚಿನ ಮುಚ್ಚಳ ಹಾಕಿ, ಉಕ್ಕಿನ ತಂತಿಯನ್ನು ಒಲೆಯವರೆಗೆ ಇಳಿಬಿಟ್ಟು ಎಳೆಯುವ ವ್ಯವಸ್ಥೆಯೂ ಇದೆ. ಮಳೆ, ಹಕ್ಕಿ ಕೂಡ ಒಳಗೆ ಬರುವುದಿಲ್ಲ.

ಇದೆಲ್ಲ ದೊಡ್ಡ ಬಂಗಲೆಯವರ ಮಾತಾಯಿತು, ನಮಗೇನು ಎಂದು ಕೇಳಬಹುದು. ನಮ್ಮ ಅಡುಗೆಮನೆಗೂ ಇದೇ ಪಾಠ ಇತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ, ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಒಲೆ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ಕಾರ್ಯಕ್ರಮವನ್ನೇ ಆರಂಭಿಸಿತು. 2002ರಲ್ಲಿ ಅದು ನಿಲ್ಲುವಷ್ಟರಲ್ಲಿ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳಾಗಿದ್ದವು.

ನಮ್ಮ ಅಜ್ಜಿಯ ಮನೆಯಲ್ಲೂ ಒಂದು ಹೊಗೆರಹಿತ ಒಲೆ ಇತ್ತು. ಮೊದಲ ವರ್ಷ ಅಜ್ಜಿ ಕಣ್ಣೊರೆಸಿಕೊಳ್ಳದೆ ಮುದ್ದೆ ತೊಳಸಿದ್ದನ್ನು ಅಮ್ಮ ಈಗಲೂ ಹೇಳುತ್ತಾರೆ. ಆಮೇಲೆ ಕೊಳವೆಯಲ್ಲಿ ಮಸಿ ಕಟ್ಟಿತು. ಅದನ್ನು ತೆಗೆಯಬೇಕು ಎಂದು ಯಾರೂ ಹೇಳಿರಲಿಲ್ಲ, ತೆಗೆಯುವುದು ಯಾರಿಗೂ ಗೊತ್ತಿರಲಿಲ್ಲ. ಹೊಗೆ ಮತ್ತೆ ಅಡುಗೆಮನೆಗೆ ತಿರುಗಿತು. ಕೊನೆಗೆ ಕೊಳವೆಯ ಬಾಯಿಗೆ ಹಳೇ ಸೀರೆಯ ತುಂಡು ತುರುಕಿ ಅಜ್ಜಿ ಮೂರು ಕಲ್ಲಿನ ಒಲೆಗೆ ವಾಪಸಾದರು. ಒಲೆಯೇ ಕೆಟ್ಟದ್ದು ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ಕೆಟ್ಟಿದ್ದು ಒಲೆಯಲ್ಲ. ವರ್ಷಕ್ಕೆರಡು ಸಲ ಆಗಬೇಕಿದ್ದ ಅರ್ಧ ಗಂಟೆಯ ಕೆಲಸ ಆಗಲಿಲ್ಲ, ಅಷ್ಟೇ. ಅಜ್ಜಿ ಕೊನೆಯವರೆಗೂ ಕೆಮ್ಮುತ್ತಲೇ ಇದ್ದರು.

ಬಂಗಲೆಯ ಮೇಸ್ತ್ರಿ ಆ ಸಂಜೆ ಚೌಕಟ್ಟಿನ ಮಸಿ ಕೆರೆದು ಹೊಸ ಹಲಗೆ ಕೂರಿಸಿದರು. ನಾಲ್ಕೈದು ಸಲ ತೆಗೆದು ಮುಚ್ಚಿ ನೋಡಿದರು. ಆಮೇಲೆ ರೈಟರ ಹತ್ತಿರ ಒಂದು ಊದುಕಡ್ಡಿ ಕೇಳಿ ಹಚ್ಚಿ, ಮುಚ್ಚಿದ ಡ್ಯಾಂಪರ್ ಕೆಳಗೆ ಹಿಡಿದರು. ಒಂದು ಮೂಲೆಯಲ್ಲಿ ಹೊಗೆ ಸರ್ರನೆ ಮೇಲಕ್ಕೆ ಎಳೆದುಕೊಂಡಿತು. ಹಲಗೆ ಬಿಚ್ಚಿ, ಆ ಮೂಲೆಯನ್ನು ಅರದಿಂದ ಉಜ್ಜಿ ಮತ್ತೆ ಕೂರಿಸಿದರು. ಈ ಸಲ ಹೊಗೆ ನಿಧಾನಕ್ಕೆ ಸುತ್ತಿ ಕೋಣೆಯಲ್ಲೇ ನಿಂತಿತು.

"ಈಗ ಸರಿ" ಅಂದರು.

ನಿಮ್ಮ ಮನೆಯಲ್ಲಿ ಹೊಗೆಕೊಳವೆಯ ಒಲೆಯೋ ಬಚ್ಚಲ ಒಲೆಯೋ ಇದ್ದರೆ ನೀವೂ ಒಂದು ಊದುಕಡ್ಡಿ ಹಚ್ಚಿ ನೋಡಿ. ನಿಮ್ಮಲ್ಲಿ ಲೆಕ್ಕ ತಿರುಗುಮುರುಗು: ಒಲೆ ಉರಿಯುವಾಗ ಅದರ ಬಾಯಿಯ ಹತ್ತಿರ ಹಿಡಿದರೆ ಹೊಗೆ ಒಳಕ್ಕೆ ಹೋಗಬೇಕು. ನಿಮ್ಮ ಮುಖದ ಕಡೆ ಬಂದರೆ ಬೆಂಕಿ ಆರಿಸಿ, ಒಲೆ ತಣಿದ ಮೇಲೆ ಕೊಳವೆ ಬಿಚ್ಚಿ ಮಸಿ ತೆಗೆಯಿರಿ. ಸೀರೆ ತುಂಡು ಮಾತ್ರ ತುರುಕಬೇಡಿ.