ವಾಹನ ಹಿಂಪಡೆತ
ವಾಹನ ಹಿಂಪಡೆತ ಅಥವಾ ರೀಕಾಲ್ ಎಂದರೆ ಸುರಕ್ಷತಾ ದೋಷವಿರುವ ವಾಹನಗಳನ್ನು ತಯಾರಕರು ಮರಳಿ ಕರೆಸಿಕೊಂಡು ಸರಿಪಡಿಸಿಕೊಡುವ ಕ್ರಮ. ಭಾರತದಲ್ಲಿ ಇದು ಬಹುಕಾಲ ತಯಾರಕರ ಇಚ್ಛೆಗೇ ಬಿಟ್ಟ ವಿಷಯವಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110-ಎ ಕಲಂ ಹಿಂಪಡೆತವನ್ನು ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಬಳಸಿದ ವಾಹನ ಕೊಂಡವರು ಯಲಹಂಕ, ಯಶವಂತಪುರದಂತಹ ಸಾರಿಗೆ ಕಚೇರಿಗಳಲ್ಲಿ ಹೆಸರು ವರ್ಗಾಯಿಸಿಕೊಳ್ಳದಿದ್ದರೆ ಸೂಚನೆ ಹಳೆಯ ಮಾಲೀಕರಿಗೇ ತಲುಪಬಹುದು.

ಪುಣೆಯಲ್ಲಿ ಸ್ಕೂಟರೊಂದಕ್ಕೆ ಬೆಂಕಿ ಹತ್ತಿಕೊಂಡ ಬಳಿಕ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2022ರ ಏಪ್ರಿಲ್‌ನಲ್ಲಿ 1,441 ಸ್ಕೂಟರ್‌ಗಳನ್ನು ತಪಾಸಣೆಗೆ ಕರೆಸಿಕೊಂಡಿತು.

ಸ್ವಯಂಚಾಲಿತ ಕಾರುಗಳಲ್ಲಿ ತಂತ್ರಾಂಶದ ಒಂದೇ ತಪ್ಪು ಅದನ್ನು ಬಳಸುವ ಎಲ್ಲ ಕಾರುಗಳಲ್ಲೂ ಏಕಕಾಲಕ್ಕೆ ಇರುತ್ತದೆ. ಅಮೆರಿಕದಲ್ಲಿ ಟೆಸ್ಲಾ 2023ರ ಡಿಸೆಂಬರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಆಟೋಪೈಲಟ್ ದೋಷಕ್ಕಾಗಿ ಹಿಂಪಡೆಯಿತು. ಹಿಂಪಡೆತವೆಂಬುದು ಹೆಸರಿಗಷ್ಟೇ, ತಿದ್ದುಪಡಿ ಹೋದದ್ದು ಅಂತರ್ಜಾಲದ ಮೂಲಕ. ಅದು ಸಾಕೇ ಎಂಬ ಬಗ್ಗೆ ಅಲ್ಲಿನ ಸುರಕ್ಷತಾ ಇಲಾಖೆ 2024ರ ಏಪ್ರಿಲ್‌ನಲ್ಲಿ ತನಿಖೆ ಆರಂಭಿಸಿತು.