ಕಂಚಿಯ ಘಟಿಕೆಯೂ ಕನ್ನಡ ರಾಜ್ಯಗಳೂ

ನಂಜನಗೂಡು ತಾಲ್ಲೂಕಿನ ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1954ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಇಂದು ಮಾರಿಷಸ್ ದ್ವೀಪದಲ್ಲಿಯೂ ಉನ್ನತ ಶಿಕ್ಷಣವನ್ನು ನಡೆಸುತ್ತಿದೆ. ಇಂತಹ ವಿದ್ಯಾಲಯಗಳು ದೇಶದೇಶಗಳ ಸ್ನೇಹಕ್ಕೆ ಸಾಧನಗಳೆಂಬುದು ಈಗಿನವರ ಮಾತು. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಮ್ಮ ಶಾಸನಗಳಿಂದಲೇ ವಿಚಾರಿಸಬಹುದು. ಸುತ್ತೂರಿನ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿದ ಮೇಲೆ, ಆ ಹೊಳೆಯ ಕೆಳದಡದಲ್ಲಿಯೇ ಗಂಗರ ರಾಜಧಾನಿಯಾದ ತಲಕಾಡು ಇರುವುದಷ್ಟೆ. ಆದರೆ ಗಂಗರಿಗಿಂತ ಮೊದಲು ಕದಂಬರ ವೃತ್ತಾಂತವನ್ನು ನೋಡತಕ್ಕದ್ದು.

ಕುಬ್ಜಕವಿಯು ರಚಿಸಿದ ತಾಳಗುಂದದ ಸ್ತಂಭಶಾಸನದ ಪ್ರಕಾರ, ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಗೆ ಹೋಗಿ, ಸಮಸ್ತ ಪ್ರವಚನವನ್ನೂ ಕಲಿಯಬೇಕೆಂದು ಅಲ್ಲಿನ ಘಟಿಕೆಯನ್ನು, ಎಂದರೆ ಉನ್ನತ ವಿದ್ಯಾಸ್ಥಾನವನ್ನು, ಹೊಕ್ಕನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ತೀವ್ರವಾದ ಕಲಹವಾಯಿತು. ಬ್ರಾಹ್ಮಣ್ಯವು ಕ್ಷತ್ರಕ್ಕಿಂತ ದುರ್ಬಲವಾಯಿತಲ್ಲಾ ಎಂದು ನೊಂದು, ಅವನು ಶಸ್ತ್ರವನ್ನು ಹಿಡಿದನು. ಗಡಿಯ ಕಾವಲಿನವರನ್ನು ಗೆದ್ದು, ಶ್ರೀಪರ್ವತದವರೆಗಿನ ಕಾಡನ್ನು ಸೇರಿ, ಬೃಹದ್ಬಾಣರಿಂದ ಕಪ್ಪವನ್ನು ತೆಗೆದುಕೊಂಡನು. ಕೊನೆಗೆ ಪಲ್ಲವರೇ ಸಂಧಿಯನ್ನು ಮಾಡಿಕೊಂಡು ಅವನಿಗೆ ಪಟ್ಟಬಂಧವನ್ನೂ ಪಡುವಣ ಕಡಲಿನಿಂದ ಪ್ರೇಹರದವರೆಗಿನ ನೆಲವನ್ನೂ ಕೊಟ್ಟರು. ಗಮನಿಸತಕ್ಕ ಅಂಶವೇನೆಂದರೆ, ಶಾಸನವು ಘಟಿಕೆಯ ಆಚಾರ್ಯರಲ್ಲಿ ದೋಷವನ್ನು ಹೇಳುವುದೇ ಇಲ್ಲ. ಕೋಪವೆಲ್ಲವೂ ರಾಜಶಕ್ತಿಯ ಮೇಲೆ. ಪರದೇಶದ ವಿದ್ಯಾರ್ಥಿಗೆ ಆದ ಒಂದು ಅವಮಾನವು ಪಲ್ಲವರಿಗೆ ಒಂದು ರಾಜ್ಯದಷ್ಟು ಬೆಲೆಯಾಯಿತು.

ಇನ್ನು ತಲಕಾಡಿನ ವಿಷಯ. ಗಂಗ ಆರ್ಯವರ್ಮನಿಗೂ ಅವನ ಮಗ ಮಾಧವನಿಗೂ ಪಲ್ಲವರೇ ಪಟ್ಟವನ್ನು ಕಟ್ಟಿದರೆಂದು ಪೆನುಕೊಂಡೆಯ ತಾಮ್ರಪಟಗಳು ಹೇಳುತ್ತವೆ. ಆ ವಂಶದ ದುರ್ವಿನೀತನಾದರೋ ಕಾಡುವೆಟ್ಟಿಯನ್ನೇ ಸೆರೆಹಿಡಿದನೆಂದು ಮುಂದಿನ ಕಾಲದ ಶಾಸನವೊಂದರ ಹೇಳಿಕೆ. ಹೀಗಿದ್ದರೂ, 1924ರಲ್ಲಿ ಅಚ್ಚಾದ ಅವಂತಿಸುಂದರೀಕಥೆಯಲ್ಲಿ ಒಬ್ಬನೇ ಕವಿಯು ದುರ್ವಿನೀತನ ಬಳಿಯಿದ್ದು, ಬಳಿಕ ಸಿಂಹವಿಷ್ಣುವಿನ ಕರೆಯ ಮೇಲೆ ಕಂಚಿಗೆ ಹೋಗುತ್ತಾನೆ. ಆ ದಾಮೋದರನೇ ಭಾರವಿಯೋ, ಭಾರವಿಯ ಸ್ನೇಹಿತನೋ ಎಂಬಲ್ಲಿ ಪಂಡಿತರು ಒಮ್ಮತದಲ್ಲಿಲ್ಲ. ಕಥೆಯ ಸಾಕ್ಷ್ಯಕ್ಕೆ ಶಾಸನದ ಬಲವಿಲ್ಲವೆಂಬುದನ್ನೂ ಒಪ್ಪಬೇಕು. ಆದರೂ ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ದುರ್ವಿನೀತನು ಟೀಕೆಯನ್ನು ಬರೆದನೆಂದು ಗುಮ್ಮರೆಡ್ಡಿಪುರದ ತಾಮ್ರಪಟಗಳೇ ಸಾರುತ್ತವೆ. ಬಹುಮಟ್ಟಿಗೆ ನಕಾರವೊಂದರಿಂದಲೇ ಹೆಣೆದ ಶ್ಲೋಕವಿರುವ ಆ ಚಿತ್ರಕಾವ್ಯಸರ್ಗವನ್ನು ಪಾಠಹೇಳಿದವರು ಈ ದೊರೆಯ ಶ್ರಮವನ್ನು ಬಲ್ಲರು! ಸೈನ್ಯಗಳಿಗೆ ಮುಚ್ಚಿದ ದಾರಿಯು ವಿದ್ವಾಂಸರಿಗೆ ತೆರೆದಿತ್ತೆಂದು ಊಹಿಸಲು ಇಷ್ಟು ಆಧಾರವುಂಟು.

ಹಾಗೆಂದು ಯುದ್ಧವೇನೂ ನಿಲ್ಲಲಿಲ್ಲ. ಏಳನೆಯ ಶತಮಾನದಲ್ಲಿ ಗಂಗ ಭೂವಿಕ್ರಮನು ವಿಳಂದೆಯಲ್ಲಿ ಪಲ್ಲವರನ್ನು ಸೋಲಿಸಿದನು. ಎಂಟನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನೇ ಹಿಡಿದನು. ಹಿಡಿದವನು ರಾಜಸಿಂಹೇಶ್ವರದ ಐಶ್ವರ್ಯವನ್ನು ನೋಡಿ, ಅದನ್ನು ದೇವರಿಗೇ ಮರಳಿ ಒಪ್ಪಿಸಿ, ಆ ಗುಡಿಯಲ್ಲಿ ಕನ್ನಡದ ಶಾಸನವನ್ನು ಬರೆಸಿದನು. ಈ ಅಕ್ಷರಗಳನ್ನೂ ಧರ್ಮವನ್ನೂ ಕೆಡಿಸಿದವರಿಗೆ ಅದರಲ್ಲಿ ವಿಧಿಸಿರುವ ಗತಿಯು, ಕಂಚಿಯ ಘಟಿಕೆಯ ಮಹಾಜನರನ್ನು ಕೊಂದವರ ಗತಿ.